ಕೂಗುಮಾರಿ ಕೂಗಿದ ಮಧ್ಯಾಹ್ನ

ಮಂಗಳವಾರ, ಮಾರ್ಚ್ ೧೧
ಅಗ್ನಿಶಾಮಕ ತರಬೇತಿ ಕೇಂದ್ರ, ಊಟದ ಬಿಡುವು

ಪ್ರೀತಿಯ ಜಗಳಗಂಟಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನನ್ನ ಎರಡು ಮಂಡಿಗಳನ್ನು ಬಿಟ್ಟರೆ ಇಲ್ಲಿ ಉಳಿದದ್ದೆಲ್ಲ ಕ್ಷೇಮ. ಮಂಡಿಗಳು ಮೆಟ್ಟಿಲು ಕಂಡರೆ ನಿನ್ನ ಹಾಗೆ ಮುಖ ಸಿಂಡರಿಸುತ್ತವೆ.

ಎಂಟು ತಿಂಗಳ ಹಿಂದೆ ನೀನು ಬರೆದ ಕಾಗದಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ. ನೀನು ಬರೆದದ್ದು ನಾಲ್ಕೇ ಸಾಲು. ‘ಅಣ್ಣಾ, ಮಗಳ ಹೆಸರು ಅಲ್ಲಿಂದ ತೆಗೆಸು. ಒಬ್ಬರು ಹೋದದ್ದು ಸಾಲದೇ? ತೆಗೆಸದಿದ್ದರೆ ನನಗೆ ಅಣ್ಣನೂ ಇಲ್ಲ ಅಂದುಕೊಳ್ಳುತ್ತೇನೆ. ಇನ್ನೇನಿಲ್ಲ.’ ಅದನ್ನು ಮೇಜಿನ ಡ್ರಾಯರಿನಲ್ಲಿ ಸೀಟಿಯ ಪಕ್ಕ ಇಟ್ಟಿದ್ದೆ. ದಿನಾ ಬೆಳಿಗ್ಗೆ ಸೀಟಿ ತೆಗೆಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು, ದಿನಾ ಸಂಜೆ ಬರೆದರಾಯಿತು ಎಂದುಕೊಳ್ಳುತ್ತಿದ್ದೆ. ಕೆಲಸದ ನೆಪ ಹೇಳುವುದಿಲ್ಲ. ನಿನಗೆ ಹೇಳಬೇಕಾದದ್ದನ್ನು ಹೇಳುವ ಧೈರ್ಯ ಇರಲಿಲ್ಲ. ಕ್ಷಮಿಸು ಎನ್ನುವ ಮಾತನ್ನು ಈಗಲೇ ಖರ್ಚು ಮಾಡುವುದಿಲ್ಲ, ಮುಂದೆ ಬೇಕಾಗುತ್ತದೆ.

ಶನಿವಾರ ನಿನ್ನ ಮಗಳು ರಜೆಯ ಮೇಲೆ ಮನೆಗೆ ಬರುತ್ತಾಳೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರಬೇಕು. ಗಡುವು ಅವಳದೇ. “ಮಾಮ, ಇದನ್ನ ಅಮ್ಮಂಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು. ನಾನು ಬಾಗಿಲು ತಟ್ಟೋ ಹೊತ್ತಿಗೆ ಅಮ್ಮಂಗೆ ಗೊತ್ತಿರ್ಬೇಕು,” ಎಂದಳು. ಹೇಳಬೇಕಾದದ್ದು ನಿನ್ನ ಗಂಡ ಸತ್ತದ್ದು ಹೇಗೆ ಎಂಬುದನ್ನು. ಏಳು ವರ್ಷದಿಂದ ನಿನಗೆ ಗೊತ್ತಿರುವುದು ಅರ್ಧ. ಉಳಿದ ಅರ್ಧ ನನ್ನ ಹತ್ತಿರ ಇದೆ.

ಮೊದಲು ಮಗಳ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಅದನ್ನೇ ಹುಡುಕುತ್ತೀ. ಅವಳನ್ನು ನಾನು ಕರೆಸಿಕೊಂಡೆ ಎಂದು ನೀನು ತಿಳಿದಿದ್ದೀ. ಇಲ್ಲ ಕಣೇ. ಹೊಸಬರ ಹೆಸರುಗಳ ಹಾಳೆ ಮೇಜಿಗೆ ಬಂದ ದಿನ ಹನ್ನೊಂದನೆಯ ಹೆಸರು ಓದಿ ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿತು. ಕರೆದು ಬೈದೆ. ಚೆನ್ನಾಗಿಯೇ ಬೈದೆ. ಅವಳು ಕೈ ಹಿಂದೆ ಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡು, “ಆಯ್ತಾ ಸರ್? ನಾನಿನ್ನು ಹೋಗ್ಲಾ? ಸಮವಸ್ತ್ರದ ಅಳತೆ ತಗೋತಿದಾರೆ,” ಎಂದಳು. ಥೇಟ್ ನೀನೇ. ಯಾರ ಹತ್ತಿರ ಜಗಳ ಕಲಿತಳೆಂದು ನನ್ನನ್ನು ಕೇಳಬೇಡ.

ಕೆಲಸದಲ್ಲಿ ಚುರುಕು. ಹೋಸ್ ಪೈಪನ್ನು ಚಾಪೆ ಸುತ್ತಿದಷ್ಟು ಸಲೀಸಾಗಿ ಸುತ್ತುತ್ತಾಳೆ. ನಮ್ಮಲ್ಲಿ ಎಪ್ಪತ್ತೈದು ಕಿಲೋ ತೂಕದ ಮರಳು ತುಂಬಿದ ಬೊಂಬೆಯೊಂದಿದೆ, ಹೊತ್ತು ಇಳಿಸುವ ಅಭ್ಯಾಸಕ್ಕೆ. ಹುಡುಗರು ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದಾರೆ. ಮೊದಲ ವಾರ ಅವಳಿಗೆ ದೊಡ್ಡಪ್ಪನ ಕಾಲು ಎತ್ತಲೂ ಆಗಲಿಲ್ಲ. ಈಗ ಎರಡು ಅಂತಸ್ತು ಇಳಿಸುತ್ತಾಳೆ, ದಾರಿಯುದ್ದಕ್ಕೂ “ಸ್ವಲ್ಪ ಮೈ ಇಳಿಸ್ಬಾರ್ದಾ ದೊಡ್ಡಪ್ಪ, ಈ ವಯಸ್ಸಲ್ಲಿ ಒಳ್ಳೇದಲ್ಲ,” ಎಂದು ಬುದ್ಧಿ ಹೇಳುತ್ತಾ. ಊಟ ಸರಿಯಾಗಿ ಮಾಡುತ್ತಾಳೆ. ಬಲಗೈ ಹೆಬ್ಬೆರಳಿಗೆ ಏಣಿ ತಾಗಿ ಉಗುರು ಕಪ್ಪಾಗಿದೆ, ನೋಡಿ ಗಾಬರಿಯಾಗಬೇಡ.

ಇನ್ನು ಹೋದ ಗುರುವಾರದ್ದು.

ಇದು ನಿನಗೆ ಅರ್ಥವಾಗಬೇಕಾದರೆ ಒಂದು ಸಣ್ಣ ಪೆಟ್ಟಿಗೆಯ ಬಗ್ಗೆ ಹೇಳಬೇಕು. ಹೊಗೆಯೊಳಗೆ ಹೋಗುವಾಗ ನಾವು ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟುತ್ತೇವಲ್ಲ, ಅದರ ಭುಜದ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪೆಟ್ಟಿಗೆ ಇರುತ್ತದೆ. ಕಟ್ಟಿಕೊಂಡವನು ಅರ್ಧ ನಿಮಿಷ ಅಲುಗಾಡದಿದ್ದರೆ ಅದು ಕಿರುಚಲು ಶುರುಮಾಡುತ್ತದೆ. ಇಲ್ಲೊಬ್ಬ ಬಿದ್ದಿದ್ದಾನೆ, ಬನ್ನಿ ಎಂದು ಅರ್ಥ. ಆದರೆ ಪೆಟ್ಟಿಗೆಗೆ ಮನುಷ್ಯನ ಗುರುತಿಲ್ಲ. ಹೊರಗೆ ಬಂದವನು ಬೆವರು ಒರೆಸಿಕೊಳ್ಳಲು ಸಿಲಿಂಡರ್ ಕಳಚಿ ನೆಲಕ್ಕಿಟ್ಟರೂ ಅರ್ಧ ನಿಮಿಷಕ್ಕೆ ಅದೇ ಕಿರುಚಾಟ. ಕಳಚಿದ ಕೂಡಲೇ ಗುಂಡಿ ಒತ್ತಿ ಆರಿಸಬೇಕೆಂದು ನಿಯಮವಿದೆ. ಕೈಕಾಲು ಸೋತವನಿಗೆ ನಿಯಮ ಎಲ್ಲಿ ನೆನಪಿರುತ್ತದೆ? ಹಾಗಾಗಿ ಪ್ರತಿ ಬೆಂಕಿಯಲ್ಲೂ ಹೊರಗಿನ ನೆಲದ ಮೇಲೆ ಎರಡು ಮೂರು ಪೆಟ್ಟಿಗೆ ಕಿರುಚುತ್ತಲೇ ಇರುತ್ತವೆ. ನಮ್ಮ ಠಾಣೆಯಲ್ಲಿ ಅದಕ್ಕೆ ಕೂಗುಮಾರಿ ಎನ್ನುತ್ತಿದ್ದೆವು, ರಾತ್ರಿ ಕೂಗಿದರೆ ಓಗೊಡಬಾರದು ಎನ್ನುತ್ತಾರಲ್ಲ ಆ ಮಾರಿಯ ಹೆಸರು. ಪಕ್ಕದ ಮನೆಯ ಮಗು ಅತ್ತರೆ ಕೇಳಿಸಿಯೂ ನಾವು ಏಳುವುದಿಲ್ಲವಲ್ಲ, ಹಾಗೆ ಅದು ನಮಗೆ ಒಗ್ಗಿಹೋಗಿತ್ತು.

ಗುರುವಾರ ಬೆಳಿಗ್ಗೆ ಹೊಗೆ ಕೋಣೆಯ ಪಾಠವಿತ್ತು. ಅದು ಕಿಟಕಿಯಿಲ್ಲದ ಕೋಣೆ, ಯಂತ್ರದಿಂದ ಬರುವ ಬಿಳಿ ಹೊಗೆ, ಕುಡಿದರೆ ಕೆಮ್ಮು ಬರುತ್ತದೆ ಅಷ್ಟೇ. ಇಬ್ಬಿಬ್ಬರಾಗಿ ಒಳಗೆ ಹೋಗಿ ದೊಡ್ಡಪ್ಪನನ್ನು ಹುಡುಕಿ ತರಬೇಕು. ನಿನ್ನ ಮಗಳು, ಅವಳ ಜೊತೆ ಒಬ್ಬ ಉದ್ದನೆಯ ಹುಡುಗ, ಇಬ್ಬರೂ ಒಳಗಿದ್ದರು. ಮೊದಲು ಮುಗಿಸಿ ಬಂದವರು ಅಂಗಳದಲ್ಲಿ ಸಿಲಿಂಡರ್ ಇಳಿಸಿ ನೀರು ಕುಡಿಯುತ್ತಿದ್ದರು. ಪೆಟ್ಟಿಗೆಗಳು ಕಿರುಚತೊಡಗಿದವು. ಒಬ್ಬ ಹುಡುಗ ನಗುತ್ತಾ, “ಲೋ, ಅದರ ಬಾಯಿ ಮುಚ್ಚಿಸ್ರೋ, ತಲೆ ಕೆಟ್ಟೋಗ್ತಿದೆ,” ಎಂದ.

ಅದೇ ಮಾತು. ಏಳು ವರ್ಷದ ಹಿಂದೆ ನನ್ನ ಬಾಯಿಂದ ಬಂದ ಮಾತು, ಅಕ್ಷರ ಕೂಡ ಬದಲಾಗಿರಲಿಲ್ಲ. ಹುಡುಗರು ಒಂದೊಂದಾಗಿ ಗುಂಡಿ ಒತ್ತಿದರು. ಎಲ್ಲ ನಿಂತ ಮೇಲೂ ಒಂದು ಕಿರುಚುತ್ತಲೇ ಇತ್ತು. ಒಳಗಿಂದ.

ಆಮೇಲೆ ನಾನು ಏನು ಮಾಡಿದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಮಂಡಿ ನೋವು ಎಲ್ಲಿ ಹೋಯಿತೋ. ಮಾಸ್ಕಿಲ್ಲ, ಸಿಲಿಂಡರಿಲ್ಲ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದುಕೊಂಡೇ ನುಗ್ಗಿದೆ. ಗೋಡೆ ಸವರುತ್ತಾ, ಕೆಮ್ಮುತ್ತಾ, ಅವಳ ಹೆಸರು ಹಿಡಿದು ಕೂಗುತ್ತಾ ಹೋದರೆ ಮೂಲೆಯಲ್ಲಿ ಟಾರ್ಚಿನ ಬೆಳಕು ಕಂಡಿತು. ಉದ್ದನೆಯ ಹುಡುಗ ಕತ್ತಲಿಗೆ ಹೆದರಿ ಮಂಡಿ ತಬ್ಬಿ ಕುಳಿತುಬಿಟ್ಟಿದ್ದ. ಇವಳು ಅವನ ಪಕ್ಕ ಕುಳಿತು, ಅವನ ಕೈ ಹಿಡಿದು, “ಅರ್ಜೆಂಟೇನಿಲ್ಲ. ಇಲ್ಲೇ ಇರ್ತೀನಿ. ನೀನು ಏಳ್ತೀನಿ ಅಂದಾಗ ಏಳೋಣ,” ಎನ್ನುತ್ತಿದ್ದಳು. ಅವನು ಅಲುಗಾಡದೆ ಕುಳಿತದ್ದಕ್ಕೆ ಅವನ ಪೆಟ್ಟಿಗೆ ಕೂಗಿತ್ತು. ನನ್ನನ್ನು ಕಂಡು ಅವಳು, “ಮಾಮ! ನಿಮ್ಮ ಮಾಸ್ಕ್ ಎಲ್ಲಿ?” ಎಂದು ಗದರಿದಳು. ಎಂಟು ತಿಂಗಳಲ್ಲಿ ತರಬೇತಿಯ ಹೊತ್ತಿನಲ್ಲಿ ಅವಳು ನನ್ನನ್ನು ಸರ್ ಬಿಟ್ಟು ಬೇರೆ ಕರೆದದ್ದು ಅದೇ ಮೊದಲು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತವನಿಗೆ ಏಳಲಾಗಲಿಲ್ಲ. ಹತ್ತೊಂಬತ್ತು ಹುಡುಗರು ಸುತ್ತ ನಿಂತು ನೋಡುತ್ತಿದ್ದರು. ಮುದುಕನಿಗೆ ಏನಾಯಿತೆಂದು ಅವರಿಗೆ ತಿಳಿಯದು. ನಾಲ್ಕು ವರ್ಷದಿಂದ ಇಲ್ಲಿಗೆ ಬಂದವರಿಗೆಲ್ಲ ಧೈರ್ಯ, ಶಿಸ್ತು ಎಂದು ಭಾಷಣ ಬಿಗಿಯುತ್ತಾ ಬಂದಿದ್ದೆ. ಅಂದು ಭಾಷಣ ಬರಲಿಲ್ಲ. ಇದ್ದದ್ದು ಬಂತು. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ, ಒಂದು ಮಾತೂ ಮೆತ್ತಗೆ ಮಾಡದೆ.

ಹಾಸಿಗೆ ಗೋದಾಮಿಗೆ ಬೆಂಕಿ ಬಿದ್ದದ್ದು ಮಧ್ಯಾಹ್ನ ಮೂರರ ಸುಮಾರಿಗೆ, ಅಷ್ಟು ನಿನಗೆ ಗೊತ್ತು. ಒಳಗೆ ಕಾವಲುಗಾರ ಇದ್ದಾನೆಂದು ಅಕ್ಕಪಕ್ಕದವರು ಬಡಿದುಕೊಂಡರು. ಭಾವನನ್ನೂ ಇನ್ನೊಬ್ಬನನ್ನೂ ಒಳಗೆ ಕಳಿಸಿದವನು ನಾನು, ಬಾಗಿಲಲ್ಲಿ ನಿಂತು ಲೆಕ್ಕ ಇಡುವ ಅಧಿಕಾರಿಯೂ ನಾನೇ. ನೋಡು, ನಿನ್ನ ಗಂಡನ ಬಗ್ಗೆ ಬರೆಯುವಾಗಲೂ ಭಾವ ಎಂದೇ ಬರುತ್ತದೆ. ನಾನೊಬ್ಬ ಹಾಗೆ ಕರೆದದ್ದಕ್ಕೆ ಅವನು ಇಡೀ ಠಾಣೆಗೆ ಭಾವನಾಗಿದ್ದ. ಮೇಲಧಿಕಾರಿ ಕೂಡ ಒಮ್ಮೆ ಬಾಯಿತಪ್ಪಿ “ಭಾವ, ಇಲ್ಲಿ ಬನ್ನಿ,” ಎಂದು ಆಮೇಲೆ ಕೆಮ್ಮಿದ್ದರು.

ಜೊತೆಗಾರನ ಗಾಳಿ ಮುಗಿಯುತ್ತಾ ಬಂದಾಗ ಭಾವ ಅವನಿಗೆ, “ನೀನು ನಡಿ, ಇದೊಂದು ಸಾಲು ನೋಡಿ ಬಂದೆ,” ಎಂದನಂತೆ. ಜೊತೆಗಾರ ಹೊರಬಂದು, “ಹಿಂದೇನೇ ಬರ್ತಿದಾನೆ ಸರ್,” ಎಂದ. ನಾನು ನಂಬಿದೆ. ಅಷ್ಟರಲ್ಲಿ ಹಿಂಬಾಗಿಲಿನಿಂದ ಒಳಗೆ ಹೋಗಿದ್ದ ಇನ್ನೊಂದು ಜೋಡಿಯೂ ಬಂದು ಸಿಲಿಂಡರ್ ಕಳಚಿ ಗೋಡೆ ಪಕ್ಕ ಎಸೆದಿತ್ತು. ಕೂಗುಮಾರಿಗಳು ಶುರುವಾದವು. ನನ್ನ ಒಂದು ಕಿವಿಯಲ್ಲಿ ವೈರ್‌ಲೆಸ್ಸು, ಇನ್ನೊಂದರಲ್ಲಿ ಗೋದಾಮಿನ ಮಾಲೀಕನ ಗೋಳು. “ಲೋ, ಅದರ ಬಾಯಿ ಮುಚ್ಚಿಸ್ರೋ, ತಲೆ ಕೆಟ್ಟೋಗ್ತಿದೆ!” ಎಂದು ಅರಚಿದೆ. ಯಾರೋ ಕೆಲವನ್ನು ಆರಿಸಿದರು. ಒಂದು ಉಳಿಯಿತು. ಅದನ್ನೂ ಯಾರಾದರೂ ಆರಿಸುತ್ತಾರೆ ಎಂದುಕೊಂಡೆ.

ಆ ಒಂದು ಭಾವನದು. ಅವನು ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ಒಳಗೆ, ಕುಸಿದ ಹಾಸಿಗೆಗಳ ರಾಶಿಯ ಕೆಳಗೆ ಬಿದ್ದಿದ್ದ. ನನ್ನನ್ನು ಕರೆಯುತ್ತಿದ್ದ, ನಾನು ಬಾಯಿ ಮುಚ್ಚು ಎಂದೆ. ನಾನು ಹೋಗಿ ಹೊತ್ತು ತಂದಾಗ ಉಸಿರಿರಲಿಲ್ಲ. ಕಾವಲುಗಾರ ಒಳಗೆ ಇರಲೇ ಇಲ್ಲ. ಬೀದಿಯ ಕೊನೆಯಲ್ಲಿ ಕ್ಷೌರಕ್ಕೆ ಕುಳಿತಿದ್ದವನು ಅರ್ಧ ಗಡ್ಡದಲ್ಲಿ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಓಡಿಬಂದ. ಪಾಪ, ಅವನ ಮೇಲೆ ನನಗೆ ಕೋಪವಿಲ್ಲ. ಗಡ್ಡ ತೆಗೆಸಿಕೊಳ್ಳುವುದು ಅಪರಾಧವೇ?

ವಿಚಾರಣೆಯವರು ಕೇಳಿದಾಗ ಸದ್ದು ಕೇಳಿಸಲಿಲ್ಲ ಎಂದೆ. ಪೆಟ್ಟಿಗೆ ಕೆಟ್ಟಿರಬಹುದು ಎಂದು ಅವರು ಬರೆದುಕೊಂಡರು, ನಾನು ಸುಮ್ಮನಿದ್ದೆ. ಆಮೇಲೆ ಜೀವದ ಹಂಗು ತೊರೆದು ಸಹೋದ್ಯೋಗಿಯನ್ನು ಹೊರತಂದ ಎಂದು ನನಗೆ ಪದಕ ಕೊಟ್ಟರು. ಆ ಸಭೆಗೆ ನೀನೂ ಬಂದಿದ್ದೆ. ಮುಗಿದ ಮೇಲೆ ನನ್ನ ಎರಡೂ ಕೈ ಹಿಡಿದು, “ನೀನಾದ್ರೂ ಇದ್ದೆಯಲ್ಲ ಅಣ್ಣಾ. ನಿನ್ನ ಕೈಯಲ್ಲೇ ಬಂದ್ರಲ್ಲ, ಅಷ್ಟು ಸಾಕು,” ಎಂದೆ. ಅಂದಿನಿಂದ ನಿನ್ನ ಮುಖ ನೋಡಿ ಮಾತಾಡಿಲ್ಲ ನಾನು. ಮನೆಗೆ ಬಂದರೂ ಚಪ್ಪಲಿ ಬಿಡುವ ಮೊದಲೇ ಹೊರಡುವ ಹೊತ್ತಾಯಿತು ಎನ್ನುತ್ತಿದ್ದೆ. ಅಣ್ಣನಿಗೆ ಕೆಲಸ ಜಾಸ್ತಿ ಎಂದು ನೀನು ಅಂದುಕೊಂಡೆ. ಠಾಣೆ ಬಿಟ್ಟು ತರಬೇತಿಗೆ ಬಂದದ್ದಕ್ಕೂ ಮಂಡಿಯ ನೆಪ ಹೇಳಿದೆ.

ಹೇಳಿ ಮುಗಿಸಿದಾಗ ಬಾಯಿ ಮುಚ್ಚಿಸಿ ಎಂದಿದ್ದ ಹುಡುಗ ಅಳುತ್ತಿದ್ದ. ನಿನ್ನ ಮಗಳು ಅಳಲಿಲ್ಲ. “ಒಳಗಿಂದ ಬರ್ತಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದಳು. “ಗೊತ್ತಾದ ಕೂಡ್ಲೇ ಹೋದೆ,” ಎಂದೆ. ತಲೆಯಾಡಿಸಿದಳು. ಅಂದು ಪೂರ್ತಿ ನನ್ನ ಕಡೆ ತಿರುಗಿ ನೋಡಲಿಲ್ಲ.

ಮರುದಿನ ಬರುವುದಿಲ್ಲ ಎಂದುಕೊಂಡಿದ್ದೆ. ಬರದಿದ್ದರೆ ನಿನ್ನ ಆಸೆಯಾದರೂ ನೆರವೇರುತ್ತದೆ ಎಂದುಕೊಂಡೆ. ಬೆಳಿಗ್ಗೆ ಆರಕ್ಕೆ ನಾನು ಬೀಗ ತೆಗೆಯಲು ಹೋದರೆ ಹೊಗೆ ಕೋಣೆಯ ಮುಂದೆ ಸಿದ್ಧವಾಗಿ ನಿಂತಿದ್ದಳು, ಜೊತೆಗೆ ಆ ಉದ್ದನೆಯ ಹುಡುಗ. “ನಿನ್ನೆ ದೊಡ್ಡಪ್ಪನ್ನ ಒಳಗೇ ಬಿಟ್ಟು ಬಂದ್ವಿ,” ಎಂದಳು. ನಾನು, “ಮನೆಗೆ ಹೋಗಮ್ಮ, ನಿಂಗೆ ಕೈ ಮುಗೀತೀನಿ,” ಎಂದೆ. ಅದಕ್ಕೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಅಪ್ಪ ಹೇಗೆ ಹೋದ್ರು ಅಂತ ಗೊತ್ತಿಲ್ದೆ ಇಲ್ಲಿ ಸೇರ್ದೆ ಮಾಮ. ಆಗ ನಂಗೆ ಬರೀ ಹಠ ಇತ್ತು. ಈಗ ಗೊತ್ತಾಗಿದೆ, ಈಗ ಭಯಾನೂ ಇದೆ. ಭಯ ಇಟ್ಕೊಂಡೇ ಇರ್ತೀನಿ. ಯಾರಾದ್ರೂ ಕೂಗಿದ್ರೆ ಕೇಳಿಸ್ಕೊಳ್ಳೋರು ಒಬ್ರಾದ್ರೂ ಬೇಕಲ್ಲ?” ನನ್ನ ಇಪ್ಪತ್ತೊಂಬತ್ತು ವರ್ಷದ ಚಾಕರಿಯಲ್ಲಿ ಈ ಕೆಲಸ ಏಕೆ ಮಾಡಬೇಕೆಂದು ಇದಕ್ಕಿಂತ ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ.

ಶುಕ್ರವಾರದಿಂದ ಹುಡುಗರು ತಾವಾಗಿಯೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಯಾವ ಪೆಟ್ಟಿಗೆ ಕೂಗಲಿ, ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ನಿಲ್ಲಬೇಕು. ಒಬ್ಬೊಬ್ಬರೂ ತಮ್ಮ ಪೆಟ್ಟಿಗೆ ಮುಟ್ಟಿ “ನನ್ನದಲ್ಲ” ಎಂದು ಕೂಗಬೇಕು. ಯಾರದೆಂದು ಗೊತ್ತಾಗುವವರೆಗೆ ಯಾರೂ ಬೇರೆ ಕೆಲಸ ಮುಟ್ಟುವ ಹಾಗಿಲ್ಲ. ಚಹಾದ ಹೆಂಗಸು ಕೂಡ ಕೆಟಲ್ ಹಿಡಿದು ನಿಲ್ಲಬೇಕು. “ನಂದೂ ಅಲ್ಲ ಕಣ್ರಪ್ಪಾ, ಚಹಾ ಆರ್ತಿದೆ!” ಎಂದು ಅವಳು ಬೈಯುತ್ತಾಳೆ. ದಿನಕ್ಕೆ ಹತ್ತು ಸಲ ಪಾಠ ನಿಲ್ಲುತ್ತದೆ. ನಾನು ಬೇಡ ಎನ್ನುವುದಿಲ್ಲ. ಸೋಮವಾರ ಮೇಲಧಿಕಾರಿಗೆ ಎಲ್ಲವನ್ನೂ ಬರೆದುಕೊಟ್ಟೆ, ಪದಕವನ್ನೂ ಮೇಜಿನ ಮೇಲಿಟ್ಟೆ. “ಈಗ್ಯಾಕ್ರೀ ಕೆದಕ್ತೀರಿ? ನಿವೃತ್ತಿಗೆ ಒಂದು ವರ್ಷ ಇದೆ,” ಎಂದರು. ಏನು ಮಾಡುತ್ತಾರೋ ಮಾಡಲಿ.

ಮಗಳನ್ನು ತಡೆಯಲು ನನ್ನಿಂದ ಆಗದು, ಆ ಹಕ್ಕೂ ನನಗಿಲ್ಲ. ಆದರೆ ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡ. ಶನಿವಾರ ಬಾಗಿಲು ತೆರೆದು ಒಳಗೆ ಕರೆದುಕೋ. ಅವಳು ಅಪ್ಪನ ಬಗ್ಗೆ ಮಾತಾಡಬೇಕೆಂದಿದ್ದಾಳೆ. ನನ್ನನ್ನು ಏನು ಬೇಕಾದರೂ ಅನ್ನು, ಬಂದು ಎದುರಿಗೆ ಕೂರಬೇಕೆಂದರೆ ಬಂದು ಕೂರುತ್ತೇನೆ, ಈ ಸಲ ಚಪ್ಪಲಿ ಬಿಟ್ಟು ಒಳಗೆ ಬರುತ್ತೇನೆ. ಅಣ್ಣ ಇಲ್ಲ ಎಂದುಕೊಳ್ಳುವುದಾದರೆ ಅದೂ ಸರಿ. ಮೊದಲೇ ಉಳಿಸಿಕೊಂಡಿದ್ದ ಮಾತು ಈಗ ಹೇಳುತ್ತೇನೆ. ಕ್ಷಮಿಸು ತಂಗೀ.

ನೀನೂ ಮಗಳೂ ನೂರು ಕಾಲ ಚೆನ್ನಾಗಿರಿ. ಅವಳು ಹತ್ತುವ ಪ್ರತಿ ಏಣಿ ಗಟ್ಟಿಯಾಗಿರಲಿ, ಕೂಗಿದಾಗ ಓಗೊಡುವ ಜೊತೆಗಾರರು ಅವಳಿಗೆ ಸಿಗಲಿ.

ನಿನ್ನ
ಅಣ್ಣ

ಮರೆತದ್ದಲ್ಲ, ಬಿಟ್ಟದ್ದು: ಕಾಗದ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮಗಳಿಗೆ ನಾನು ಸುಳ್ಳು ಹೇಳಿದೆ. ಗೊತ್ತಾದ ಕೂಡಲೇ ನಾನು ಒಳಗೆ ಹೋಗಲಿಲ್ಲ. ನಮ್ಮ ಮೀಸೆ ಡ್ರೈವರ್ ಅಂದು ಹತ್ತಿರ ಬಂದು ಕಿವಿಯಲ್ಲಿ, “ಸಾರ್, ಹೊರಗಿರೋದೆಲ್ಲಾ ನಾನೇ ಆಫ್ ಮಾಡಿದೀನಿ. ಇನ್ನೂ ಒಂದು ಕೂಗ್ತಿದೆ,” ಎಂದ. ಆಗಲೇ ನನಗೆ ಗೊತ್ತಾಯಿತು. ಅದೇ ಹೊತ್ತಿಗೆ ಛಾವಣಿಯ ತಗಡೊಂದು ಧಡಾರನೆ ಒಳಗೆ ಬಿತ್ತು. ನನಗೆ ಹೆದರಿಕೆಯಾಯಿತು ಕಣೇ. ಅಷ್ಟು ವರ್ಷದ ಕೆಲಸದಲ್ಲಿ ಎಂದೂ ಆಗದಂಥ ಹೆದರಿಕೆ. ಸಿಲಿಂಡರ್ ಕಟ್ಟಿಕೊಂಡೆ, ಮಾಸ್ಕ್ ಹಾಕಿಕೊಂಡೆ, ಪಟ್ಟಿ ಬಿಗಿದೆ. ಸಡಿಲಿಸಿದೆ. ಮತ್ತೆ ಬಿಗಿದೆ. ಮತ್ತೆ ಸಡಿಲಿಸಿದೆ. ನೋಡಿದವರು ಹುಷಾರಾಗಿ ಸಿದ್ಧವಾಗುತ್ತಿದ್ದಾನೆ ಎಂದುಕೊಂಡರು. ಮೀಸೆ ಮಾತ್ರ ನನ್ನ ಕೈಗಳನ್ನೇ ನೋಡುತ್ತಿದ್ದ. ಹೋದ ವರ್ಷ ತೀರಿಕೊಂಡ, ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ಎರಡು ನಿಮಿಷ ಹಾಗೇ ನಿಂತಿದ್ದೆ, ಭಾವ ಕೂಗುತ್ತಲೇ ಇದ್ದ. ಆ ಎರಡು ನಿಮಿಷ ಮೊದಲು ಹೋಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರನ್ನು ಇವತ್ತಿನವರೆಗೂ ಕೇಳಿಲ್ಲ. ಕೇಳಿಸಲಿಲ್ಲ ಎಂಬುದನ್ನು ತಪ್ಪು ಎನ್ನಬಹುದು. ಇದಕ್ಕೆ ಏನೆನ್ನಬೇಕೋ ನೀನೇ ಹೇಳು. ಪಟ್ಟಿ ಮೊದಲನೆಯ ಸಲ ಬಿಗಿದಾಗಲೇ ಸರಿಯಾಗಿತ್ತು.